ಬಿಗಿಯಾಯಿತೋ, ಒಣಗಿತೋ? ಅರ್ಧ ಮುಖದ ಮೇಲೆ ನಾಲ್ಕು ತಿಂಗಳ ಪರೀಕ್ಷೆ

ಅಕ್ಕನ ಮಗಳ ನಿಶ್ಚಿತಾರ್ಥದ ಫೋಟೊಗಳು ಬಂದವು. ಎಲ್ಲರೂ ಮದುಮಗಳನ್ನು ನೋಡಿದರೆ ನಾನು ನನ್ನ ಕಣ್ಣಿನ ಕೆಳಗಿನ ಚೀಲಗಳನ್ನೇ ನೋಡುತ್ತಾ ಕೂತೆ. 51 ವರ್ಷಕ್ಕೆ ಅದೇನು ದೊಡ್ಡ ವಿಷಯವಲ್ಲ, ಗೊತ್ತು. ಆದರೂ ಮದುವೆಗೆ ನಾಲ್ಕು ತಿಂಗಳಿತ್ತಲ್ಲ, ಚರ್ಮ ಬಿಗಿ ಮಾಡುತ್ತದೆ ಎಂದು ಜನ ಹೇಳುವುದನ್ನೆಲ್ಲ ಹಚ್ಚಿ ನೋಡಿಯೇ ಬಿಡೋಣ ಅನ್ನಿಸಿತು. ನಿಯಮ ಇಷ್ಟೇ: ಮುಖದ ಎಡಕ್ಕೆ ಹಚ್ಚುವುದು, ಬಲಕ್ಕೆ ಏನೂ ಇಲ್ಲ. ಜೊತೆಗೆ ಎಡ ಅಂಗೈ ಹಿಂಭಾಗಕ್ಕೂ ಹಚ್ಚಿ, ಚರ್ಮವನ್ನು ಚಿವುಟಿ ಎತ್ತಿ ಬಿಟ್ಟು, ಎಷ್ಟು ಬೇಗ ಮತ್ತೆ ಕೂರುತ್ತದೆ ಎಂದು ನೋಡುವುದು.

ಮೊದಲು ಮೊಟ್ಟೆಯ ಬಿಳಿ, ಅಡುಗೆಮನೆಯಲ್ಲೇ ಇತ್ತು. ಹತ್ತು ನಿಮಿಷಕ್ಕೆ ಕೆನ್ನೆಯನ್ನು ಯಾರೋ ಕಿವಿಯ ಕಡೆಗೆ ಎಳೆದು ಹಿಡಿದ ಹಾಗಾಯಿತು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಫೋನು ಬಂತು, ಎರಡು ಮಾತಾಡಿ ನಕ್ಕೆ. ಕನ್ನಡಿ ನೋಡಿದರೆ ಬಾಯಿಯ ಪಕ್ಕ ಬತ್ತಿದ ಕೆರೆಯಂಗಳದ ಹಾಗೆ ಬಿರುಕು! ಕೈಯ ಮೇಲಂತೂ ಚರ್ಮ ಚಿವುಟುವುದಕ್ಕೇ ಸಿಗಲಿಲ್ಲ, ಅಷ್ಟು ಸೆಟೆದುಕೊಂಡಿತ್ತು. ತೊಳೆದ ಮೇಲೆ ಎಡಕ್ಕೂ ಬಲಕ್ಕೂ ಏನೂ ವ್ಯತ್ಯಾಸವಿಲ್ಲ, ವಾಸನೆ ಮಾತ್ರ ಮಧ್ಯಾಹ್ನದವರೆಗೂ ಉಳಿಯಿತು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು, ತುಟಿಯ ಹತ್ತಿರ ತರಬೇಡಿ.

ಮುಲ್ತಾನಿ ಮಿಟ್ಟಿ ಇದರ ತಮ್ಮ. ವಾಸನೆಯಿಲ್ಲ, ಜಿಡ್ಡನ್ನೂ ಹೀರಿತು. ಬಿಗಿತದ ಮಟ್ಟಿಗೆ ಅದೇ ಕಥೆ.

ಮೂರನೆಯದು ಕಣ್ಣಿನ ಕೆಳಗೆ ಹಚ್ಚುವ ‘ತಕ್ಷಣ ಬಿಗಿ’ ಜೆಲ್. ಕಂಪನಿಯ ಹೆಸರು ಬೇಡ. ಬೆಲೆಯನ್ನೂ ಕೇಳಬೇಡಿ, ನಮ್ಮ ಯಜಮಾನರು ಇದನ್ನು ಓದುತ್ತಾರೆ. ಡಬ್ಬಿಯ ಹಿಂದೆ ಸೋಡಿಯಂ ಸಿಲಿಕೇಟ್ ಎಂದಿತ್ತು, ಆರಿದರೆ ಗಾಜಿನ ಹಾಗೆ ಗಟ್ಟಿಯಾಗುವ ಒಂದು ಲವಣ. ನಿಜ ಹೇಳಬೇಕೆಂದರೆ ಕೆಲಸ ಮಾಡಿತು. ಮೂರು ನಿಮಿಷ ಮುಖ ಅಲುಗಾಡಿಸದೆ ಕೂತೆ, ಎಡಗಣ್ಣಿನ ಚೀಲ ಕಣ್ಣೆದುರೇ ಚಪ್ಪಟೆಯಾಯಿತು. “ಏನೇ, ಒಂದು ಕಣ್ಣು ಮಾತ್ರ ನಿದ್ದೆ ಮಾಡಿದೆಯಾ?” ಎಂದಳು ಅಕ್ಕ. ಆದರೆ ಸ್ವಲ್ಪ ಜಾಸ್ತಿ ಬಳಿದರೆ ಅಂಚಿನಲ್ಲಿ ಬಿಳಿ ಪುಡಿ, ಮೇಲೆ ಕ್ರೀಮ್ ಹಚ್ಚಿದರೆ ಎಲ್ಲ ಕರಗಿ ಮೊದಲಿನಂತೆ.

ಇದು ಹೇಗೆ ಎಂದು ತಿಳಿಯಲು ಸಂಡಿಗೆ ನೆನಪಿಸಿಕೊಳ್ಳಿ. ಹಳೆ ಪಂಚೆಯ ಮೇಲೆ ಸಂಡಿಗೆ ಇಟ್ಟಾಗ ಬಟ್ಟೆ ಸಪಾಟಾಗಿರುತ್ತದೆ. ಸಂಜೆಗೆ ನೀರು ಆರಿ ಸಂಡಿಗೆ ಕುಗ್ಗುತ್ತದೆ, ಕುಗ್ಗುವಾಗ ಅಂಟಿಕೊಂಡ ಬಟ್ಟೆಯನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮೊಟ್ಟೆ, ಮಣ್ಣು, ಜೆಲ್ ಮೂರೂ ಸಂಡಿಗೆಗಳೇ, ಬಟ್ಟೆ ನಮ್ಮ ಚರ್ಮ. ಅನುಮಾನವಿದ್ದರೆ ಹಳೆ ಫೈಲಿನ ಪ್ಲಾಸ್ಟಿಕ್ ಹಾಳೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ ಒಂದೇ ಬದಿಗೆ ಜೆಲ್ ಬಳಿದಿಡಿ. ನನ್ನ ಪಟ್ಟಿ ಜೆಲ್ ಇದ್ದ ಬದಿಗೇ ಬಾಗಿ ದೋಣಿಯಾಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ರೈನ್‌ಹೋಲ್ಡ್ ಡೌಸ್ಕಾರ್ಟ್ ಅವರ ತಂಡವೂ ಚರ್ಮದ ಹೊರಪದರವನ್ನು ತೆಳು ಗಾಜಿಗೆ ಅಂಟಿಸಿ, ಅದು ಒಣಗುವಾಗ ಗಾಜು ಎಷ್ಟು ಬಾಗಿತು ಎಂಬುದರಿಂದಲೇ ಎಳೆತದ ಲೆಕ್ಕ ಹಾಕಿದ್ದು.

ಆ ಹೊರಪದರದ ದಪ್ಪ ಸುಮಾರು 10ರಿಂದ 20 ಮೈಕ್ರಾನ್, ನೋಟ್‌ಬುಕ್ ಹಾಳೆಗಿಂತಲೂ ತೆಳು. ಅದರ ನೀರು ಹೋದರೆ ಅದೇ ಕುಗ್ಗಿ ಗಡುಸಾಗುತ್ತದೆ. ಸೋಪು ಹಾಕಿ ತೊಳೆದ ಮೇಲೆ ಮುಖ ಬಿಗಿ ಅನ್ನಿಸುವುದು, ಚಳಿಗಾಲದಲ್ಲಿ ತುಟಿ ಒಡೆಯುವುದು ಇದರಿಂದಲೇ. ಬಿಗಿಯಾದರೆ ಚೆನ್ನಾಗಿ ತೊಳೆದಿದೆ ಎಂದು ನಾನು ಮೂವತ್ತು ವರ್ಷ ನಂಬಿದ್ದೆ!

ಹೀಗಾಗಿ ಬಿಗಿ ಮಾಡುತ್ತದೆ ಎಂದು ಯಾರೂ ಹೇಳದ ಗ್ಲಿಸರಿನ್ ಕ್ರೀಮನ್ನೂ ಪರೀಕ್ಷೆಗೆ ಸೇರಿಸಿದೆ. ಹಚ್ಚಿದರೆ ಬಿಗಿ ಎಂಬುದೇ ಇಲ್ಲ, ಬದಲಿಗೆ ಚರ್ಮ ಸಡಿಲವಾದ ಹಾಗೆ. ಆದರೆ ಕಣ್ಣಿನ ಬದಿಯ ಸಣ್ಣ ಗೆರೆಗಳು ಮಾಸಿದ್ದು ಇದರಲ್ಲೇ. ನೀರು ಕುಡಿದ ಹೊರಪದರ ಉಬ್ಬಿ ಮೆತ್ತಗಾಗುತ್ತದೆ, ನಕ್ಕರೆ ಜೊತೆಗೇ ಹಿಗ್ಗುತ್ತದೆ. ದಿನಕ್ಕೆರಡು ಸಲ ಹಚ್ಚಬೇಕು, ಬಿಟ್ಟರೆ ಹೋಯಿತು. ಆದರೂ ದುಡ್ಡು ಕೊಟ್ಟದ್ದಕ್ಕೆ ಮೋಸವಿಲ್ಲ.

ಇವೆಲ್ಲ ಮೇಲ್ಮೇಲಿನ ಆಟ. ಚಿವುಟಿದ ಚರ್ಮ ಮತ್ತೆ ಕೂರುವುದನ್ನು ನಿರ್ಧರಿಸುವುದು ಒಳಪದರದ ಕೊಲಾಜೆನ್ ಮತ್ತು ಎಲಾಸ್ಟಿನ್ ಎಳೆಗಳು. ಕೊಲಾಜೆನ್ ಕ್ರೀಮನ್ನು ಅದಕ್ಕೇ ಕೊಳ್ಳಲಿಲ್ಲ: ಅದರ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್ (ಅಣುಗಳನ್ನು ತೂಗುವ ಮಾನ), ಚರ್ಮ ದಾಟಿ ಒಳಗಿಳಿಯುವುದು ಹೆಚ್ಚುಕಡಿಮೆ 500ರ ಒಳಗಿನವು. ಬಾಗಿಲಿನಲ್ಲಿ ಆನೆಯನ್ನು ತೂರಿಸಿದ ಹಾಗೆ.

ಆ ಆಳಕ್ಕೆ ಇಳಿದು ಕೊಲಾಜೆನ್ ಕಟ್ಟಿಸುವುದು ರೆಟಿನಾಲ್, ಅಂದರೆ ‘ಎ’ ವಿಟಮಿನ್‌ನ ಒಂದು ರೂಪ. ಇದನ್ನು ಮೊದಲ ವಾರವೇ ಎಡಹಣೆಗೆ ರಾತ್ರಿ ಹೊತ್ತು ಶುರುಮಾಡಿದ್ದೆ. ಮೂರು ವಾರ ಉರಿ, ಸಿಪ್ಪೆ ಏಳುವುದು. ನಡುವೆ ಎರಡು ಸಲ ಬಿಟ್ಟೆ. ಮೂರು ತಿಂಗಳು ದಾಟಿದ ಮೇಲೆ ಎಡಹಣೆಯ ಗೆರೆಗಳು ಬಲಕ್ಕಿಂತ ತುಸು ತೆಳು, ಅದೂ ನಾನು ಬೆರಳಿಟ್ಟು ತೋರಿಸಿದರೆ ಮಾತ್ರ. ಹಗಲು ಸನ್‌ಸ್ಕ್ರೀನ್ ಬೇಕೇ ಬೇಕು. ಬಸುರಿಯರು ಹಚ್ಚುವಂತಿಲ್ಲ. ನನ್ನ ಮನೆಯಲ್ಲಿ ಈಗ ಉಳಿದಿರುವುದು ಇದು ಮತ್ತು ಗ್ಲಿಸರಿನ್ ಕ್ರೀಮ್.

ಮದುವೆಯ ದಿನ ಮಾತ್ರ ಆಸೆ ಬಿಡಲಿಲ್ಲ, ಎರಡೂ ಕಣ್ಣಿಗೆ ಜೆಲ್ ಹಚ್ಚಿಕೊಂಡೇ ಹೋದೆ. ವರಪೂಜೆಯ ಫೋಟೊಗಳಲ್ಲಿ ಹತ್ತು ವರ್ಷ ಚಿಕ್ಕವಳಾಗಿದ್ದೇನೆ. ಧಾರೆ ಎರೆಯುವಾಗ ಅಕ್ಕನ ಮುಖ ನೋಡಿ ಅಳು ತಡೆಯಲಾಗಲಿಲ್ಲ. ಅಲ್ಲಿಂದಾಚೆಯ ಎಲ್ಲ ಫೋಟೊಗಳಲ್ಲೂ ಚೀಲಗಳಿವೆ, ಕೆನ್ನೆಯ ಮೇಲೆ ಎರಡು ಬಿಳಿ ಗೆರೆಗಳೂ ಇವೆ.