ಪಶ್ಚಿಮ ಕರಾವಳಿಯ ದೂರದ ಪಯಣಕ್ಕೆ ವಿಂಡ್‌ವೇನ್: ಹಲವು ಋತುಗಳ ಬಳಕೆಯ ನಂತರ

ಮುಂಬೈಯಿಂದ ಕೊಚ್ಚಿಗೆ ಎಷ್ಟೇ ನೇರವಾಗಿ ಹೋದರೂ 570 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲ. ಇಬ್ಬರೇ ಇರುವ ಹಾಯಿದೋಣಿಯಲ್ಲಿ ಹಗಲಿರುಳು ಚುಕ್ಕಾಣಿ ಹಿಡಿದು ಕೂರುವುದು ಎರಡನೆಯ ರಾತ್ರಿಗೇ ಮೈ ಸೋಲಿಸುತ್ತದೆ. ಅದಕ್ಕಾಗಿಯೇ ನಮ್ಮ ಯಾಟಿನ ಹಿಂಬದಿಗೆ ಗಾಳಿಯ ದಿಕ್ಕಿಗೆ ತಕ್ಕಂತೆ ತಾನೇ ಚುಕ್ಕಾಣಿ ನಡೆಸುವ, ಸರ್ವೋ-ಪೆಂಡ್ಯುಲಮ್ ಮಾದರಿಯ ವಿಂಡ್‌ವೇನ್ ಹಾಕಿಸಿದೆವು. ಅಂದಿನಿಂದ ನವೆಂಬರ್‌ನಿಂದ ಮಾರ್ಚ್‌ವರೆಗಿನ ಪ್ರತಿ ಋತುವಿನಲ್ಲೂ ಅದನ್ನು ದುಡಿಸಿಕೊಂಡಿದ್ದೇವೆ.

ಇದಕ್ಕೆ ವಿದ್ಯುತ್ ಬೇಡ. ಮೇಲಿರುವ ತೆಳು ಪ್ಲೈವುಡ್ ಹಲಗೆಯ ಅಂಚನ್ನು ಗಾಳಿಗೆ ಎದುರಾಗಿ ನಿಲ್ಲಿಸಬೇಕು. ದೋಣಿ ದಾರಿ ತಪ್ಪಿದೊಡನೆ ಗಾಳಿ ಹಲಗೆಯ ಮುಖಕ್ಕೆ ಬಡಿದು ಅದನ್ನು ವಾಲಿಸುತ್ತದೆ. ಆ ವಾಲುವಿಕೆ ಉಪಕರಣದಿಂದ ನೀರಿಗೆ ಇಳಿಬಿಟ್ಟಿರುವ ಹುಟ್ಟನ್ನು ತುಸು ತಿರುಚುತ್ತದೆ. ಹರಿಯುವ ನೀರು ಹುಟ್ಟನ್ನು ಪಕ್ಕಕ್ಕೆ ತಳ್ಳಿದಾಗ ಅದಕ್ಕೆ ಕಟ್ಟಿದ ಹಗ್ಗಗಳು ಟಿಲ್ಲರನ್ನು, ಅಂದರೆ ಚುಕ್ಕಾಣಿಯ ಹಿಡಿಕೋಲನ್ನು, ಎಳೆಯುತ್ತವೆ. ಶಕ್ತಿಯೆಲ್ಲ ದೋಣಿಯ ವೇಗದಿಂದಲೇ ಬರುವುದರಿಂದ ಗಾಳಿ ಜೋರಾದಷ್ಟೂ ಇದರ ಹಿಡಿತ ಬಿಗಿಯಾಗುತ್ತದೆ.

ಇದು ಮಹಾಸಾಗರದ ಉಪಕರಣ, ಕರಾವಳಿಗೆ ಹೊಂದುವುದಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಭಾರತದ ನಾವಿಕ ಅಭಿಲಾಷ್ ಟಾಮಿ 2023ರಲ್ಲಿ ಎರಡನೆಯವರಾಗಿ ಮುಗಿಸಿದ, ಹಾಯಿದೋಣಿಯಲ್ಲಿ ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ವಿದ್ಯುತ್ ಆಟೋಪೈಲಟ್‌ಗೆ ಅವಕಾಶವಿರಲಿಲ್ಲ, ಸ್ಪರ್ಧಿಗಳು ನೆಚ್ಚಿದ್ದು ವಿಂಡ್‌ವೇನನ್ನೇ ಎಂಬುದು ನಿಜ. ಆದರೆ ದಿನಗಟ್ಟಲೆ ಒಂದೇ ದಿಕ್ಕಿನಿಂದ ಬೀಸುವ ಗಾಳಿ ನಮ್ಮಲ್ಲಿಲ್ಲ. ಇಲ್ಲಿ ಮಧ್ಯಾಹ್ನ ವಾಯವ್ಯದಿಂದ ಸಮುದ್ರಗಾಳಿ ಏಳುತ್ತದೆ, ಸೂರ್ಯಾಸ್ತದ ನಂತರ ಅದು ಸಾಯುತ್ತದೆ, ನಡುರಾತ್ರಿ ಕಳೆದ ಮೇಲೆ ಪೂರ್ವದಿಂದ ಭೂಗಾಳಿ ಇಳಿಯುತ್ತದೆ. ವಿಂಡ್‌ವೇನ್ ದಿಕ್ಸೂಚಿಯನ್ನಲ್ಲ, ಗಾಳಿಯನ್ನು ಹಿಂಬಾಲಿಸುತ್ತದೆ ಎಂಬುದನ್ನು ಮರೆಯದವರಿಗೆ ಮಾತ್ರ ಈ ಕರಾವಳಿಯಲ್ಲಿ ಅದು ಒಳ್ಳೆಯ ಜೊತೆಗಾರ. ದಕ್ಷಿಣಕ್ಕೆ ಸಾಗುವಾಗ ಸಂಜೆಯ ಗಾಳಿ ವಾಯವ್ಯದಿಂದ ಉತ್ತರಕ್ಕೆ ಹೊರಳಿದರೆ ದೋಣಿ ತಾನಾಗಿ ಆಳ ಸಮುದ್ರದತ್ತ ತಿರುಗುತ್ತದೆ; ಅದರಿಂದ ಅಪಾಯವಿಲ್ಲ. ಬೆಳಗಿನ ಜಾವದ ಪೂರ್ವದ ಗಾಳಿ ಈಶಾನ್ಯಕ್ಕೆ ಸರಿದರೆ ಮಾತ್ರ ಅದೇ ದೋಣಿ ಸದ್ದಿಲ್ಲದೆ ದಡದತ್ತ ಬಾಗುತ್ತದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪವನ್ನು ದಾಟುವ ಹೊತ್ತಿನಲ್ಲಿ ಇಂಥ ತಿರುವು ಬಂದರೆ ಸಣ್ಣ ವಿಷಯವಲ್ಲ. ಆದ್ದರಿಂದ ಜಿಪಿಎಸ್‌ನಲ್ಲಿ ದಾರಿ ತಪ್ಪಿದಾಗ ಕೂಗುವ ಅಲಾರಂ ಇಲ್ಲದೆ ನಾವು ಇದನ್ನು ರಾತ್ರಿ ಬಳಸುವುದಿಲ್ಲ.

ಹಾಯಿಗಳು ಸಮತೋಲದಲ್ಲಿಲ್ಲದಿದ್ದರೆ ಉಪಕರಣವನ್ನು ದೂರಿ ಫಲವಿಲ್ಲ. ಸಮುದ್ರಗಾಳಿ ಹದಿನೈದು ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ತಲುಪುವ ಮೊದಲೇ ದೊಡ್ಡ ಹಾಯಿಯನ್ನು ಒಂದು ಮಡಿಕೆ ಇಳಿಸಬೇಕು. ನಮ್ಮ ಟಿಲ್ಲರಿನ ಮೇಲೆ ಹಗ್ಗಗಳು ಕೂಡುವಲ್ಲಿ ಒಂದು ಗಿಡ್ಡ ಸರಪಳಿಯಿದೆ. ಅದರ ಒಂದೇ ಕೊಂಡಿಯನ್ನು ಗಾಳಿ ಬರುವ ಬದಿಗೆ ಬದಲಿಸಿದರೆ ಸಾಕು, ಅಡ್ಡಾದಿಡ್ಡಿ ಓಡುತ್ತಿದ್ದ ದೋಣಿಯ ಹಿಂದಿನ ನೊರೆಗೆರೆ ನೇರವಾಗುವುದನ್ನು ಕಣ್ಣಾರೆ ನೋಡಬಹುದು.

ಮಂದಗಾಳಿ ಹಿಂದಿನಿಂದ ಬಂದಾಗ ಇದು ತಡವರಿಸುತ್ತದೆ, ಎಂಜಿನ್ ಹಾಕಿದರಂತೂ ಹಲಗೆಗೆ ದಿಕ್ಕೇ ತಿಳಿಯುವುದಿಲ್ಲ. ಎರಡು ಗಾಳಿಗಳ ನಡುವಿನ ನಿಶ್ಚಲ ಹೊತ್ತಿಗೆ ಟಿಲ್ಲರನ್ನು ಮೋಟರಿನಿಂದ ತಳ್ಳಿ ಎಳೆಯುವ ಸಣ್ಣದೊಂದು ವಿದ್ಯುತ್ ಟಿಲ್ಲರ್ ಪೈಲಟ್ ಬೇಕೇ ಬೇಕು. ಅದನ್ನು ಟಿಲ್ಲರಿಗೆ ಕಟ್ಟದೆ ಹಲಗೆಯ ಜಾಗಕ್ಕೆ ಜೋಡಿಸಿದರೆ ಭಾರದ ಕೆಲಸವನ್ನು ಹುಟ್ಟೇ ಮಾಡುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ವಿಂಡ್‌ವೇನ್ ಚುಕ್ಕಾಣಿ ಹಿಡಿಯುತ್ತದೆಯೇ ಹೊರತು ಕಾವಲು ಕಾಯುವುದಿಲ್ಲ. ಜೂನ್, ಜುಲೈನ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಮಲ್ಪೆ, ಮಂಗಳೂರಿನ ಬೋಟುಗಳೆಲ್ಲ ನೀರಿಗಿಳಿದಿರುತ್ತವೆ. ನಾವು ಸಾಗುವ ಋತುವೇ ಅವರ ದುಡಿಮೆಯ ಋತು. ಕಾಪುವಿನ ದೀಪಸ್ತಂಭದ ಬೆಳಕು ಕಾಣುವಷ್ಟು ದಡಕ್ಕೆ ಹತ್ತಿರವಾದರೆ ಬಲೆಗಳೂ ಹತ್ತಿರವಾದವು ಎಂದೇ ತಿಳಿಯಬೇಕು. ಅವರ ಬಲೆ ಅವರ ಅನ್ನ, ತಪ್ಪಿಸಿಕೊಂಡು ಹೋಗುವ ಹೊಣೆ ನಮ್ಮದು.

ನಿರ್ವಹಣೆ ಹಗುರ. ಪ್ಲಾಸ್ಟಿಕ್ ಬೇರಿಂಗುಗಳಿಗೆ ಎಣ್ಣೆ ಮುಟ್ಟಿಸದೆ ಸಿಹಿನೀರು ಹಾಯಿಸಿದರೆ ಉಪ್ಪು ಕರಗಿ ಮತ್ತೆ ಸಲೀಸಾಗುತ್ತವೆ. ಲಂಗರು ಹಾಕಿದೊಡನೆ ಹುಟ್ಟನ್ನು ಮೇಲೆತ್ತದಿದ್ದರೆ ಚಿಪ್ಪುಜೀವಿಗಳು ಅಂಟಿಕೊಳ್ಳುತ್ತವೆ. ರಾಟೆಗಳಲ್ಲಿ ಉಜ್ಜುವ ಹಗ್ಗಗಳನ್ನು ಪ್ರತಿ ಋತುವಿನ ಆರಂಭದಲ್ಲಿ ಬದಲಿಸುತ್ತೇವೆ. ಕೊಳ್ಳುವವರು ಹುಟ್ಟಿಗೆ ಏನಾದರೂ ಬಡಿದಾಗ ತಾನು ಮುರಿದು ಉಳಿದ ಭಾಗಗಳನ್ನು ಕಾಯುವ ಕೊಳವೆಯನ್ನು ಎರಡಾದರೂ ಹೆಚ್ಚುವರಿಯಾಗಿ ತರಿಸಿಕೊಳ್ಳಲಿ. ಮುಂಬೈ ಬಿಟ್ಟ ಮೇಲೆ ದಾರಿಯ ಬಂದರುಗಳಲ್ಲಿ ನಮಗೆ ಅದು ಎಲ್ಲೂ ಸಿಕ್ಕಿಲ್ಲ.