ಪೂರ್ವಿಕರನ್ನು ಹುಡುಕಿಕೊಡುತ್ತೇವೆ ಅನ್ನುವವರಿಗೆ ದುಡ್ಡು ಕೊಡುವ ಮುಂಚೆ

ಅಮೆರಿಕದ ಮನೆಗಳಿಗೆ ಸೊಸೆಯಾಗಿಯೋ ಅಳಿಯನಾಗಿಯೋ ಸೇರಿದ ನಮ್ಮವರಿಗೆ ಇಲ್ಲಿನವರ ವಂಶವೃಕ್ಷದ ಹುಚ್ಚು ಗೊತ್ತೇ ಇರುತ್ತದೆ. ನಿವೃತ್ತಿಯಾದ ಮೇಲಂತೂ ಇದು ಜಾಸ್ತಿ. ನಮ್ಮತ್ತೆ ವರ್ಜೀನಿಯಾದವರು. ತಮ್ಮ ಮನೆತನ ಬ್ರಿಟಿಷರ ಕಾಲದಲ್ಲಿ ಎಲ್ಲಿಂದ ಬಂತು ಎಂದು ಹುಡುಕಿಸಲು ಒಂದು ಸಂಸ್ಥೆಗೆ ಸಾವಿರಾರು ಡಾಲರ್ ಕೊಟ್ಟರು. ಚರ್ಮದ ರಟ್ಟಿನ ದಪ್ಪ ಪುಸ್ತಕ ಬಂತು. ಮೊದಲ ಪುಟದಲ್ಲೇ ಬಣ್ಣದ ಕುಲಲಾಂಛನ. ಆ ಪುಸ್ತಕದಲ್ಲಿ 1790ಕ್ಕಿಂತ ಹಿಂದಿನದು ಹೆಚ್ಚುಕಡಿಮೆ ಎಲ್ಲವೂ ಸುಳ್ಳು.

ಸಂಸ್ಥೆಯ ಹೆಸರು ಬರೆಯುವುದಿಲ್ಲ. ಈ ವ್ಯಾಪಾರ ಮಾಡುವವರು ಬೇಕಾದಷ್ಟಿದ್ದಾರೆ. ಹೊಸದೂ ಅಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಸ್ವೀಡನ್ನಿಂದ ಬಂದ ಗುಸ್ತಾವ್ ಆಂಜು ಎಂಬಾತ ಇಲ್ಲಿನ ಶ್ರೀಮಂತರಿಗೆ ಬೇಕಾದ ಪೂರ್ವಿಕರನ್ನು ಸೃಷ್ಟಿಸಿ ಮಾರಿ ಕುಖ್ಯಾತನಾದ. ಅವನ ಕಟ್ಟುಕಥೆಗಳು ಇಂದಿಗೂ ಎಷ್ಟೋ ವಂಶವೃಕ್ಷಗಳಲ್ಲಿ ಕುಳಿತಿವೆ. ಲಾಂಛನದ ವಿಷಯಕ್ಕೂ ಅಷ್ಟೇ. ಇಂಗ್ಲೆಂಡಿನಲ್ಲಿ ಅದನ್ನು ಕೊಡುತ್ತಿದ್ದುದು ಒಬ್ಬ ವ್ಯಕ್ತಿಗೆ. ಅವನ ಗಂಡು ಸಂತತಿಗೆ ಅದು ಸಾಗುತ್ತದೆ. ಅದೇ ಅಡ್ಡಹೆಸರು ಇದ್ದವರಿಗೆಲ್ಲ ಅದರ ಮೇಲೆ ಹಕ್ಕಿಲ್ಲ.

ಅತ್ತೆಯವರಿಗೆ ದಾಖಲೆ ಸಮೇತ ಗೊತ್ತಿದ್ದುದು ಮ್ಯಾಡಿಸನ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ವಿಲಿಯಂ ಎಂಬ ರೈತನವರೆಗೆ. 1790ರ ದಶಕದ ಜಮೀನು ತೆರಿಗೆ ಪಟ್ಟಿಯಲ್ಲಿ ಅವನಿದ್ದಾನೆ. ಅಲ್ಲಿಂದ ಹಿಂದಕ್ಕೆ ಪುಸ್ತಕ ಹೇಳಿದ್ದು ಹೀಗೆ: ಅವನ ತಂದೆ ಪಕ್ಕದ ಕಲ್ಪೆಪರ್ ಕೌಂಟಿಯ ಇನ್ನೊಬ್ಬ ವಿಲಿಯಂ. ಅವನ ಹಿರಿಯರು ಗ್ಲಾಸ್ಟರ್ ಕೌಂಟಿಯವರು. ಎಲ್ಲರಿಗಿಂತ ಹಿಂದಿನವನು 1650ರ ದಶಕದಲ್ಲಿ ಹಡಗಿಳಿದು 50 ಎಕರೆ ಜಮೀನು ಪಡೆದ ಗಣ್ಯ.

ಓದಲು ಚೆನ್ನಾಗಿಯೇ ಇತ್ತು. ನನಗೆ ಮೊದಲು ಅನುಮಾನ ಬಂದದ್ದು ಒಂದು ಅಡಿಟಿಪ್ಪಣಿ ನೋಡಿ. 1690ರ ದಶಕದ ಗ್ಲಾಸ್ಟರ್ ಕೌಂಟಿಯ ಉಯಿಲು ಪುಸ್ತಕ, ಇಂಥ ಪುಟ ಎಂದು ಬರೆದಿದ್ದರು. ಆ ಪುಸ್ತಕ ಈಗ ಇಲ್ಲವೇ ಇಲ್ಲ! ಗ್ಲಾಸ್ಟರ್ ಕೋರ್ಟಿಗೆ 1820ರಲ್ಲಿ ಬೆಂಕಿ ಬಿದ್ದು ಹಳೆಯ ದಾಖಲೆ ಹೋಯಿತು. ಆಮೇಲಿನವನ್ನು ಅಂತರ್ಯುದ್ಧದ ಹೊತ್ತಿನಲ್ಲಿ ಕಾಪಾಡಲೆಂದು ರಿಚ್ಮಂಡ್‌ಗೆ ಸಾಗಿಸಿದ್ದರು. 1865ರ ಏಪ್ರಿಲ್‌ನಲ್ಲಿ ಆ ಊರಿಗೇ ಬೆಂಕಿ ಬಿತ್ತು. ವರ್ಜೀನಿಯಾದಲ್ಲಿ ಇಂಥ ಕೌಂಟಿಗಳು ಎಷ್ಟಿವೆ ಎಂದರೆ ಅವಕ್ಕೆ ‘ಸುಟ್ಟ ಕೌಂಟಿಗಳು’ ಎಂದೇ ಹೆಸರು. ನಿಮಗೆ ಬಂದ ವರದಿಯಲ್ಲಿ ಗ್ಲಾಸ್ಟರ್, ನ್ಯೂ ಕೆಂಟ್, ಕಿಂಗ್ ಅಂಡ್ ಕ್ವೀನ್ ಇಂಥ ಹೆಸರು ಕಂಡರೆ ಬೇರೇನೂ ನೋಡುವ ಮೊದಲು ಆ ಪುಸ್ತಕ ಉಳಿದಿದೆಯೇ ನೋಡಿ. ರಿಚ್ಮಂಡ್‌ನಲ್ಲಿರುವ ವರ್ಜೀನಿಯಾ ರಾಜ್ಯದ ಗ್ರಂಥಾಲಯ ಸುಟ್ಟ ಕೌಂಟಿಗಳ ಪಟ್ಟಿಯನ್ನೇ ಇಟ್ಟಿದೆ.

ಆ ಹಡಗಿನ ಗಣ್ಯನ ಕಥೆ ಇನ್ನೂ ತಮಾಷೆ. ವರ್ಜೀನಿಯಾದಲ್ಲಿ 1618ರಿಂದ ಹೆಡ್‌ರೈಟ್ ಎಂಬ ಪದ್ಧತಿ ಇತ್ತು. ಒಬ್ಬರನ್ನು ಕರೆತರುವ ಖರ್ಚು ಯಾರು ಕೊಟ್ಟರೋ ಅವರಿಗೆ ತಲೆಗೆ 50 ಎಕರೆ. ಈ ಗಣ್ಯನ ಹೆಸರಿದ್ದದ್ದು ಬೇರೆ ಯಾರದೋ ಪೇಟೆಂಟಿನ, ಅಂದರೆ ಸರ್ಕಾರ ಜಮೀನು ಕೊಟ್ಟ ಪತ್ರದ ಕೆಳಗೆ, ಅವರು ಕರೆತಂದ ಜನರ ಪಟ್ಟಿಯಲ್ಲಿ. ಅಂದರೆ 50 ಎಕರೆ ಸಿಕ್ಕಿದ್ದು ಅವನನ್ನು ಲೆಕ್ಕ ತೋರಿಸಿದ ಧಣಿಗೆ. ಇವನು ಬಹುಶಃ ಜೀತಕ್ಕೆ ಬಂದವನು. ಬಂದ ವರ್ಷವೂ ಅದೇ ಆಗಬೇಕಿಲ್ಲ. ಈ ಹಕ್ಕುಗಳನ್ನು ಕೊಂಡು ಮಾರುತ್ತಿದ್ದರು, ವರ್ಷಗಟ್ಟಲೆ ಇಟ್ಟುಕೊಂಡು ಆಮೇಲೆ ಜಮೀನು ಕೇಳುತ್ತಿದ್ದರು. ಒಂದೇ ಹೆಸರನ್ನು ಎರಡು ಮೂರು ಕಡೆ ತೋರಿಸಿದ್ದೂ ಉಂಟು. ಇಷ್ಟರಿಂದ ನೂರು ವರ್ಷ ಆಚೆಗಿನ ರೈತನಿಗೆ ಸಂಬಂಧ ಕಟ್ಟಲು ಹೆಸರೊಂದು ಬಿಟ್ಟು ಸಂಸ್ಥೆಯವರ ಬಳಿ ಏನೂ ಇರಲಿಲ್ಲ.

ಹೀಗಾಗಿ ಹೆಸರು ಬಿಟ್ಟು ಜಮೀನಿನ ಹಿಂದೆ ಹೋದೆ. ಊರಲ್ಲಿ ಕ್ರಯಪತ್ರ, ಚಕ್ಕುಬಂದಿ, ಪೌತಿ ಖಾತೆ ಎಂದು ಅಲೆದವರಿಗೆ ಇದು ಹೊಸದೇನಲ್ಲ. ಇಲ್ಲಿನ ಹಳೆಯ ಕ್ರಯಪತ್ರದಲ್ಲೂ ಅಕ್ಕಪಕ್ಕದವರ ಹೆಸರು, ಹಳ್ಳ, ಗುರುತು ಹಾಕಿದ ಮರ ಎಲ್ಲ ಇರುತ್ತವೆ. ಒಂದು ಎಚ್ಚರ ಮಾತ್ರ ಬೇಕು. ಜಮೀನು ಇದ್ದಲ್ಲೇ ಇದ್ದರೂ ಕೌಂಟಿ ಬದಲಾಗುತ್ತದೆ. ಮ್ಯಾಡಿಸನ್ ಆಗಿದ್ದು 1792ರಲ್ಲಿ, ಕಲ್ಪೆಪರ್ ಒಡೆದು. ಕಲ್ಪೆಪರ್ 1749ರಲ್ಲಿ ಆರೆಂಜ್ ಒಡೆದು. ಆರೆಂಜ್ 1734ರಲ್ಲಿ ಸ್ಪಾಟ್ಸಿಲ್ವೇನಿಯಾ ಒಡೆದು. ಒಂದೇ ಹೊಲದ ಪತ್ರ ನಾಲ್ಕು ಕೋರ್ಟುಗಳ ಪುಸ್ತಕದಲ್ಲಿ ಹಂಚಿಹೋಗಿರಬಹುದು.

ಪುಸ್ತಕದವರು ತಂದೆ ಎಂದು ತೋರಿಸಿದ ವಿಲಿಯಂಗೆ ಕಲ್ಪೆಪರ್ ಪತ್ರಗಳಲ್ಲಿ ‘ಸೀನಿಯರ್’ ಎಂದಿತ್ತು. ನಮ್ಮವನಿಗೆ ‘ಜೂನಿಯರ್’. ಸರಿ, ಅಪ್ಪ ಮಗ ಎಂದು ಬರೆದುಬಿಟ್ಟರು. ಆ ಕಾಲದಲ್ಲಿ ಒಂದೇ ಊರಿನ ಒಂದೇ ಹೆಸರಿನ ಇಬ್ಬರಲ್ಲಿ ದೊಡ್ಡವನು ಸೀನಿಯರ್, ಚಿಕ್ಕವನು ಜೂನಿಯರ್. ನೆಂಟಸ್ತಿಕೆಯೇ ಇರಬೇಕಿಲ್ಲ. ಸೀನಿಯರ್ ತನ್ನ ಹೊಲ ಮಾರಿದ ಪತ್ರ ನೋಡಿದರೆ, ಮಾರುವಾಗ ಅವನ ವಾಸ ನಾರ್ತ್ ಕ್ಯಾರೊಲಿನಾದ ರೋವನ್ ಕೌಂಟಿ. ಊರು ಬಿಟ್ಟು ಹೋದವನು. ಅವನ ಹೆಂಡತಿಯ ಹೆಸರು ಕೂಡ ಪುಸ್ತಕದಲ್ಲಿದ್ದದ್ದಲ್ಲ. ಗಂಡ ಜಮೀನು ಮಾರಿದರೂ ಹೆಂಡತಿಗೆ ಅದರ ಮೂರನೇ ಒಂದು ಭಾಗದ ಮೇಲೆ ಡವರ್ ಎಂಬ ಜೀವಮಾನದ ಹಕ್ಕು ಉಳಿಯುತ್ತಿತ್ತು. ಅದನ್ನು ಬಿಟ್ಟುಕೊಡುತ್ತೀಯಾ ಎಂದು ನ್ಯಾಯಾಧೀಶರು ಆಕೆಯನ್ನು ಗಂಡನಿಲ್ಲದ ಕಡೆ ಕೇಳಿ ಬರೆದುಕೊಳ್ಳಬೇಕು. ಹೆಂಗಸರ ಹೆಸರು ಬೇರೆಲ್ಲೂ ಸಿಗದ ಕಾಲದಲ್ಲಿ ಸಿಗುವ ಜಾಗ ಇದು. ಕ್ರಯಪತ್ರದ ಮುಂದಿನ ಪುಟ ತಿರುವಿದ್ದರೆ ಸಾಕಿತ್ತು. ತಿರುವಿಲ್ಲ.

ನಮ್ಮ ವಿಲಿಯಂ ಹೊಲ ಮಾರಿದ್ದಕ್ಕೆ ಪತ್ರವಿದೆ, ಕೊಂಡದ್ದಕ್ಕೆ ಇಲ್ಲ. ಕೊಳ್ಳದೆ ಮಾರಿದ್ದಾನೆ ಎಂದರೆ ಸಾಮಾನ್ಯವಾಗಿ ಅದು ಪಿತ್ರಾರ್ಜಿತ. ಉಯಿಲು ಬರೆಯದೆ ಅಪ್ಪ ಸತ್ತರೆ ವರ್ಜೀನಿಯಾದಲ್ಲಿ ಜಮೀನೆಲ್ಲ ಹಿರಿಯ ಮಗನಿಗೆ ಹೋಗುತ್ತಿತ್ತು. 1785ರಲ್ಲಿ ಅದನ್ನು ತೆಗೆದು ಹಾಕಿದರು, ಹೊಸ ಕಾನೂನು ಜಾರಿಯಾದದ್ದು 1787ರ ಜನವರಿಯಿಂದ. ಅಪ್ಪ ಯಾರು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಆಸ್ತಿ ಪಾಲಿನಂಥ ವ್ಯಾಜ್ಯ ನೋಡುತ್ತಿದ್ದ ಚಾನ್ಸರಿ ಕೋರ್ಟಿನ ಕಡತದಲ್ಲಿ. ಆಸ್ತಿ ಪಾಲಿನ ಜಗಳ! ಅಣ್ಣತಮ್ಮಂದಿರು ಕೋರ್ಟಿಗೆ ಹೋದರೆ ವಂಶ ಹುಡುಕುವವರಿಗೆ ಹಬ್ಬ. ಯಾರು ಯಾರ ಮಗ, ಯಾರನ್ನು ಯಾರಿಗೆ ಕೊಟ್ಟಿತ್ತು, ಎಲ್ಲವನ್ನೂ ಅವರೇ ಪ್ರಮಾಣ ಮಾಡಿ ಹೇಳಿರುತ್ತಾರೆ. ಮುದುಕ ನೆರೆಯವರೊಬ್ಬರ ಸಾಕ್ಷಿಯಲ್ಲಿ ವಿಲಿಯಂನ ತಂದೆಯ ಹೆಸರು ಥಾಮಸ್ ಎಂದಿದೆ. ಪುಸ್ತಕದ ಮೇಲಿನ ಕೊಂಬೆಗಳೆಲ್ಲ ಅಲ್ಲಿಗೆ ಬಿದ್ದವು.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಕಸಿವಿಸಿ ತಂದಿತು. ಥಾಮಸ್ ಸತ್ತಾಗ ಮಾಡಿದ ಆಸ್ತಿ ಪಟ್ಟಿಯಲ್ಲಿ ಹಸು, ಕಬ್ಬಿಣದ ಪಾತ್ರೆ, ಹಾಸಿಗೆಯ ಜೊತೆ ಗುಲಾಮರಾಗಿದ್ದವರ ಹೆಸರೂ ಇತ್ತು, ಪಕ್ಕದಲ್ಲಿ ಬೆಲೆ ಬರೆದು. 1705ರ ಕಾನೂನು ಗುಲಾಮರನ್ನು ಸ್ಥಿರಾಸ್ತಿ ಎಂದೇ ಎಣಿಸಿತ್ತು. ಹಾಗಾಗಿ ಜಮೀನಿನ ದಾಖಲೆ ಹುಡುಕುವವರಿಗೆ ಈ ಜನ ಸಿಗದೇ ಇರುವುದಿಲ್ಲ. ಚರ್ಮದ ರಟ್ಟಿನ ಪುಸ್ತಕ ಸುಳ್ಳು ವಿಲಿಯಂನ ಪಟ್ಟಿಯನ್ನು ಅಚ್ಚು ಹಾಕಿತ್ತು. ಮೂಲ ತೆಗೆದು ನೋಡಿದರೆ ಅದರಲ್ಲೂ ಇಂಥ ಸಾಲುಗಳಿದ್ದವು. ಅಷ್ಟನ್ನು ಮಾತ್ರ ಬಿಟ್ಟಿದ್ದರು, ಬಿಟ್ಟಿದ್ದೇವೆ ಎಂದೂ ಹೇಳದೆ. ಆ ಹೆಸರುಗಳ ವಂಶಸ್ಥರೂ ಇಂದು ಇದೇ ಪುಟಗಳಲ್ಲಿ ತಮ್ಮ ಹಿರಿಯರನ್ನು ಹುಡುಕುತ್ತಿದ್ದಾರೆ. ಗುಲಾಮಗಿರಿ ಮುಗಿದ ಮೇಲಿನ ಮೊದಲ ಜನಗಣತಿ 1870ರದು; ಹಲವರಿಗೆ ಅದಕ್ಕಿಂತ ಹಿಂದೆ ಹೋಗಲು ಇಂಥ ಪಟ್ಟಿಗಳೇ ದಾರಿ. ಗಿರಾಕಿಗೆ ಮುಜುಗರ ಆಗದಿರಲಿ ಎಂದು ಕತ್ತರಿ ಹಾಕುವವರನ್ನು ಬೇರೆ ಯಾವ ಸಾಲಿಗೆ ನಂಬುವುದು?

ಅತ್ತೆ ಸಂಸ್ಥೆಗೆ ಫೋನ್ ಮಾಡಿ ಕೇಳಿದರು. ‘ಮೇಡಂ, ನಾವು ಹುಡುಕಾಟದ ಗಂಟೆಗಳಿಗೆ ದುಡ್ಡು ತೆಗೆದುಕೊಂಡಿದ್ದು, ಫಲಿತಾಂಶಕ್ಕಲ್ಲ’ ಎಂದರಂತೆ. ಒಪ್ಪಂದದಲ್ಲೂ ಸಣ್ಣ ಅಕ್ಷರದಲ್ಲಿ ಹಾಗೇ ಇದೆ. ಗಂಟೆಗೆ ದುಡ್ಡು ಕೇಳುವುದು ತಪ್ಪಲ್ಲ, ಒಳ್ಳೆಯವರೂ ಹಾಗೇ ಕೇಳುತ್ತಾರೆ. ಆದರೆ ಇಲ್ಲದ ಪುಸ್ತಕದ ಪುಟ ಸಂಖ್ಯೆ ಬರೆಯಲು ಯಾವ ಗಂಟೆ ಬೇಕು ಹೇಳಿ. ದುಡ್ಡು ವಾಪಸ್ ಬಂದಿಲ್ಲ. ಅದಕ್ಕಿಂತ ಕಿರಿಕಿರಿ, ಅವರು ಅದೇ ವೃಕ್ಷವನ್ನು ಇಂಟರ್‌ನೆಟ್ಟಿಗೂ ಏರಿಸಿದ್ದಾರೆ. ಗುರುತಿಲ್ಲದವರು ಅದನ್ನು ನಕಲು ಮಾಡಿಕೊಂಡಿದ್ದಾರೆ. ಈಗ ‘ಹತ್ತು ಕಡೆ ಹೀಗೇ ಇದೆಯಲ್ಲ’ ಎಂದು ನಮಗೇ ತಿರುಗಿ ಹೇಳುವವರಿದ್ದಾರೆ.

ನಿಮ್ಮ ಮನೆಯಲ್ಲೂ ಯಾರಾದರೂ ಇದಕ್ಕೆ ಹೊರಟಿದ್ದರೆ ಮೊದಲು ಪುಕ್ಕಟೆ ಸಿಗುವುದನ್ನು ನೋಡಲು ಹೇಳಿ. ವರ್ಜೀನಿಯಾದ ಪೇಟೆಂಟುಗಳು, ಫೇರ್‌ಫ್ಯಾಕ್ಸ್ ಪ್ರಭುವಿನ ಕಡೆಯಿಂದ ಕೊಟ್ಟ ನಾರ್ದರ್ನ್ ನೆಕ್ ಎಂಬ ಪ್ರದೇಶದ ಜಮೀನುಗಳ ಪತ್ರಗಳು, ಚಾನ್ಸರಿ ಕಡತಗಳ ಸೂಚಿ ಎಲ್ಲ ರಾಜ್ಯ ಗ್ರಂಥಾಲಯದ ತಾಣದಲ್ಲಿವೆ. ಫ್ಯಾಮಿಲಿಸರ್ಚ್ ಎಂಬ ವಂಶ ಹುಡುಕಾಟದ ತಾಣದಲ್ಲಿ ಕೌಂಟಿಗಳ ಡೀಡ್ (ಕ್ರಯಪತ್ರ) ಪುಸ್ತಕಗಳಿವೆ. 2024ರಿಂದ ಅಲ್ಲಿ ಕೈಬರಹವನ್ನೇ ಯಂತ್ರ ಓದಿ ಹುಡುಕಿಕೊಡುತ್ತದೆ. ಅಕ್ಷರ ತಪ್ಪು ಓದುವುದುಂಟು, ಆದರೂ ಎಷ್ಟೋ ಅಲೆದಾಟ ಉಳಿಯುತ್ತದೆ.

ದುಡ್ಡು ಕೊಟ್ಟೇ ಮಾಡಿಸಬೇಕು ಅಂದರೆ ಮೊದಲು ಸಣ್ಣ ಕೆಲಸ ಕೊಡಿ. ಒಂದು ಹೊಲ, ಅದು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ಬಂತು, ಅಷ್ಟೇ. ಹೇಳಿದ ಪ್ರತಿ ಪುಟದ ಫೋಟೋ ಕೇಳಿ. ಹುಡುಕಿಯೂ ಸಿಗದ ಪುಸ್ತಕಗಳ ಪಟ್ಟಿಯನ್ನೂ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಮುಂದಿನ ಕಂತು ಕಟ್ಟಬೇಡಿ.