ಆಮವಾತದ ಕೈಗೆ ಹಂಡೆ ನೀರೋ, ಮೇಣವೋ, ಸ್ಪ್ಲಿಂಟೋ?

ಕೀಲುಗಳು ಊದಿ ನೋಯುವ ರುಮಟಾಯ್ಡ್ ಆಮವಾತದಲ್ಲಿ ಬೆಳಗ್ಗೆ ಬೆರಳು ಮಡಚಲಾಗದ ಬಿಗಿತಕ್ಕೆ ಬಿಸಿ ಹಿತ. ಅದಕ್ಕೆ ಎರಡು ದಾರಿ: ಬಚ್ಚಲ ಹಂಡೆಯ ನೀರು, ಇಲ್ಲವೇ ಪ್ಯಾರಾಫಿನ್ ಮೇಣ. ಎರಡನ್ನೂ ಬಳಸಿ ನೋಡಿದ ಮೇಲೆ ನಮ್ಮ ಓಟು ಹಂಡೆಗೆ.

ಮೇಣದ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ, ನಿಜ. ಆದರೆ ರಗಳೆ ಹೆಚ್ಚು. 7 ಪಾಲು ಮೇಣಕ್ಕೆ 1 ಪಾಲು ಲಿಕ್ವಿಡ್ ಪ್ಯಾರಾಫಿನ್ ಎಣ್ಣೆ ಸೇರಿಸಿ, ನೀರಿನ ಪಾತ್ರೆಯೊಳಗೆ ಪಾತ್ರೆಯಿಟ್ಟು ಕರಗಿಸಿ, 50ರಿಂದ 54 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆ ಕೈ ಅದ್ದಬೇಕು. ಬೆರಳು ಅಗಲಿಸಿ ಅದ್ದಿ ತೆಗೆದು, ಪದರ ಮಂಕಾದ ಮೇಲೆ ಮತ್ತೆ ಅದ್ದಬೇಕು. ಹೀಗೆ 8–10 ಸಲ. ಮೇಲೆ ಪ್ಲಾಸ್ಟಿಕ್ ಚೀಲ, ಟವೆಲ್, 15–20 ನಿಮಿಷ. ನಡುವೆ ಬೆರಳು ಅಲುಗಿದರೆ ಪದರ ಬಿರಿದು ಬಿಸಿ ಮೇಣ ಒಳನುಗ್ಗಿ ಸುಡುತ್ತದೆ. ಮೇಣದಬತ್ತಿ ಕರಗಿಸುವವರೂ ಇದ್ದಾರೆ. ಅದು ಕರಗಲು ಹೆಚ್ಚು ಬಿಸಿ ಬೇಕು, ಬೊಬ್ಬೆ ಗ್ಯಾರಂಟಿ. ಕಾಫಿ ಕೊಯ್ಲಿನಲ್ಲಿ ಗೀರಿದ ಕೈಗೂ ಸ್ಪರ್ಶ ಮಂದವಾದ ಕೈಗೂ ಮೇಣ ಬೇಡ.

ಹಂಡೆ ನೀರನ್ನು ಬೋಗುಣಿಗೆ ಹಾಕಿ 38–40 ಡಿಗ್ರಿಗೆ ಹದ ಮಾಡಿ. ಮೊಣಕೈ ಅದ್ದಿದರೆ ಹಿತವೆನಿಸಬೇಕು. 10 ನಿಮಿಷ ಸಾಕು. ಮೇಣದಲ್ಲಿ ಆಗದ್ದು ಇಲ್ಲಿ ಆಗುತ್ತದೆ: ನೀರೊಳಗೇ ಮುಷ್ಟಿ ಕಟ್ಟಿ ಬಿಡಬಹುದು, ಒಂದೊಂದೇ ಬೆರಳ ತುದಿಗೆ ಹೆಬ್ಬೆರಳು ಮುಟ್ಟಿಸಬಹುದು. ಗಿಣ್ಣು ಕೆಂಪಾಗಿ ಊದಿ ತಾನೇ ಬಿಸಿಯಾಗಿದ್ದರೆ ಎರಡೂ ಬೇಡ. ಬಟ್ಟೆ ಸುತ್ತಿದ ಐಸ್ 10 ನಿಮಿಷ ಇಡಿ.

ಇನ್ನು ಸ್ಪ್ಲಿಂಟು, ಅಂದರೆ ಕೀಲಿಗೆ ಆಸರೆಯಾಗಿ ಕಟ್ಟುವ ಅಚ್ಚು. ಅದರಲ್ಲಿ ದುಡ್ಡಿಗೆ ತಕ್ಕ ಫಲ ಕೊಟ್ಟದ್ದು ಮಣಿಕಟ್ಟಿನದು. ಕೊಡ ಎತ್ತುವಾಗ, ಕತ್ತಿ ಹಿಡಿಯುವಾಗ ನೋವು ತಗ್ಗುತ್ತದೆ, ಬೆರಳುಗಳೂ ಆಡುತ್ತವೆ. ರಾತ್ರಿ ಇಡೀ ಕೈ ಹಿಡಿದಿಡುವ ಸ್ಪ್ಲಿಂಟ್ ಬಾವು ಜೋರಿದ್ದ ದಿನಗಳಿಗೆ ಸರಿ. ಹಗಲೂ ಕಟ್ಟಿಕೊಂಡರೆ ಬಿಗಿತ ಏರುತ್ತದೆ. ನಮ್ಮ ಕಾಫಿ ಸೀಮೆಯ ಮಳೆಗಾಲಕ್ಕೆ ಒಂದು ಎಚ್ಚರಿಕೆ: ತೇವವಾಯಿತೆಂದು ಒಲೆ ಪಕ್ಕ ಒಣಗಿಸಿದರೆ ಸ್ಪ್ಲಿಂಟಿನ ಥರ್ಮೋಪ್ಲಾಸ್ಟಿಕ್ (ಬಿಸಿಗೆ ಬಾಗುವ ಪ್ಲಾಸ್ಟಿಕ್) ಮೆದುವಾಗಿ ಆಕಾರ ಕೆಡುತ್ತದೆ. ಒರೆಸಿ, ಗಾಳಿಗಿಡಿ. ಪಟ್ಟಿಗಳನ್ನು ಬಿಚ್ಚಿ ತೊಳೆಯದಿದ್ದರೆ ಬೂಷ್ಟು ಹಿಡಿಯುತ್ತದೆ.

ಆಮವಾತಕ್ಕೆಂದೇ ಮಾರುವ ಬಿಗಿ ಗ್ಲೌಸು? ಬೆಚ್ಚಗಿರುತ್ತದೆ, ಅಷ್ಟೇ. ಬ್ರಿಟನ್ನಿನ ಪ್ರಯೋಗವೊಂದರಲ್ಲೂ ಸಡಿಲ ಗ್ಲೌಸಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಅದೇ ದೇಶದಿಂದ 2015ರಲ್ಲಿ ಬಂದ ಸಾರಾ ಎಂಬ ಅಧ್ಯಯನದಲ್ಲಿ, ದಿನವೂ ಮಾಡುವ ಕೈ ವ್ಯಾಯಾಮದಿಂದ ಕೈಯ ಕೆಲಸ ಸುಧಾರಿಸಿತ್ತು. ಗ್ಲೌಸಿನ ದುಡ್ಡನ್ನು ಆ ವ್ಯಾಯಾಮ ಕಲಿಸುವ ಥೆರಪಿಸ್ಟಿನ ಫೀಸಿಗೆ ಕೊಡಿ.

ಅಡುಗೆಮನೆಯಲ್ಲಿ ನೂಪುಟ್ಟು (ಅಕ್ಕಿ ಶಾವಿಗೆ) ಒತ್ತುವುದೇ ದೊಡ್ಡ ಪರೀಕ್ಷೆ. ತಿರುಪಿ ಒತ್ತುವ ಒರಳಿನಲ್ಲಿ ಬೆರಳುಗಳು ಕಿರುಬೆರಳ ಕಡೆಗೆ ವಾಲುತ್ತವೆ, ಆಮವಾತ ಎಳೆಯುವುದೂ ಅದೇ ದಿಕ್ಕಿಗೆ. ಉದ್ದ ಹಿಡಿಯ ಒರಳಾದರೆ ಎರಡೂ ಅಂಗೈಯ ಬುಡದಿಂದ, ಮೈಭಾರ ಹಾಕಿ ಒತ್ತಬಹುದು. ಹಿಟ್ಟು ಬಿಸಿಯಿರುವಾಗಲೇ ಒತ್ತಿ; ಆರಿದರೆ ಹೆಚ್ಚು ಬಲ ಬೇಕು.

ಇವೆಲ್ಲ ನೋವಿನ ಲೆಕ್ಕ. ಗಿಣ್ಣು ಸವೆಯುವುದನ್ನು ತಡೆಯುವುದು ಮೆಥೊಟ್ರೆಕ್ಸೇಟ್‌ನಂಥ ಔಷಧ ಮಾತ್ರ. ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ, ಗೊತ್ತುಮಾಡಿದ ದಿನವೇ ನುಂಗಬೇಕು. ತಪ್ಪಿ ದಿನವೂ ನುಂಗಿದರೆ ರಕ್ತಕಣ ಕುಸಿದು ಜೀವಕ್ಕೇ ಕುತ್ತು. ಇನ್ನೊಂದು: ಕಿರುಬೆರಳೋ ಉಂಗುರ ಬೆರಳೋ ಇದ್ದಕ್ಕಿದ್ದಂತೆ ನೆಟ್ಟಗಾಗದೆ ಜೋತುಬಿದ್ದರೆ ಬೆರಳನ್ನು ಎಳೆದು ನೆಟ್ಟಗಾಗಿಸುವ ಸ್ನಾಯುರಜ್ಜು ಹರಿದಿರಬಹುದು. ಆಗ ಹಂಡೆ, ಮೇಣ ಎಂದು ಕಾಯದೆ ಆ ವಾರವೇ ಶಸ್ತ್ರವೈದ್ಯರಿಗೆ ತೋರಿಸಿ.